ಒಡ್ಡಿನ ಕೆಳಗಿನ ಒಲೆ

ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ವಾಗದರಿಯ ಬಸ್ಸು ಹತ್ತಿ ಕೂತಾಗ ದಿಗಂಬರನ ತಲೆಯಲ್ಲಿದ್ದದ್ದು ತಾನು ನೋಡಲು ಹೊರಟಿದ್ದ ತಲಾವೆಂಬ ಸಣ್ಣ ಕೆರೆಯಲ್ಲ, ಅದರ ಮಣ್ಣಿನ ಒಡ್ಡೂ ಅಲ್ಲ. ತೊಡೆಯ ಮೇಲಿನ ಚೀಲದಲ್ಲಿದ್ದ ಎರಡು ಡಬ್ಬಿಗಳಲ್ಲಿ ಮೊದಲು ಯಾವುದನ್ನು ಬಿಚ್ಚಬೇಕು ಎಂಬ ಪ್ರಶ್ನೆ. ಹಿತ್ತಾಳೆಯದು ಅವ್ವ ಗೋದೂಬಾಯಿಯದು. ಸ್ಟೀಲಿನದು ಹೆಂಡತಿ ದ್ವಾರಕೆಯದು. ಎರಡರಲ್ಲೂ ಜೋಳದ ಭಕ್ಕರಿ, ಎರಡರಲ್ಲೂ ಬದನೆಕಾಯಿ ಪಲ್ಯ. ಸೊಲ್ಲಾಪುರದ ಅವರ ಮನೆಗೆ ಕಾಯಿಪಲ್ಯ ತರುವವನು ಅವನೊಬ್ಬನೇ, ಒಂದೇ ಬುಟ್ಟಿಯಿಂದ ಆರಿಸಿ ಇಬ್ಬರಿಗೂ ಸಮನಾಗಿ ಹಂಚುತ್ತಿದ್ದ. ಹೋದ ಸಲ ಕೆಲಸದ ಮೇಲೆ ಹೊರಗೆ ಬಂದಾಗ ಮೊದಲು ಹಿತ್ತಾಳೆ, ಆಮೇಲೆ ಸ್ಟೀಲು. ಹಾಗಾದರೆ ಈ ಸಲ ಮೊದಲು ಸ್ಟೀಲು. ಆದರೆ ಹೋದ ಸಲವೇ ಮೊದಲು ಸ್ಟೀಲು ಆಗಿದ್ದರೆ? ನೋಡುವವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅವ್ವನೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಆದರೂ ಅವನಿಗೆ ಬೆವರು ಬಂತು. ಸಣ್ಣವನಿದ್ದಾಗ ಮಾಸ್ತರರು, ಯಾವ ಕೈಯಿಂದ ಸಾಲಿಯ ಪೇರಲ ಹಣ್ಣು ಕಿತ್ತೆ ಎಂದು ಕೇಳಿದಾಗ, ಎರಡೂ ಕೈ ಮುಂದೆ ಚಾಚಿ ಎರಡಕ್ಕೂ ಏಟು ತಿಂದವನು ಅವನು. ಹಣ್ಣು ಕಿತ್ತವನು ಬೇರೆಯೇ ಇದ್ದ.

ಜಗಳ ಶುರುವಾದದ್ದು ಸಾರಿನ ಇಂಗಿನಿಂದ. ಹೋದ ದೀಪಾವಳಿಯಲ್ಲಿ ದ್ವಾರಕೆ ಇಂಗನ್ನು ಒಗ್ಗರಣೆಯ ಎಣ್ಣೆಗೆ ಹಾಕಿದಳು. ಇಂಗು ಬೀಳಬೇಕಾದದ್ದು ಕುದಿಯುವ ಸಾರಿಗೆ, ಎಣ್ಣೆಗಲ್ಲ, ಎಂದಳು ಗೋದೂಬಾಯಿ. ಸಾರು ಆರುವುದರೊಳಗೆ ಇಬ್ಬರ ತವರಿನ ಹಿರಿಯರೆಲ್ಲ ಆ ಪಾತ್ರೆಯಲ್ಲಿ ಬಿದ್ದು ಎದ್ದರು. ಮರುದಿನ ದ್ವಾರಕೆಯ ಅಣ್ಣ ಒಂದು ಹೊಸ ಸ್ಟೋವು ತಂದುಕೊಟ್ಟು ಹೋದ. ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ಈ ಮೂಲೆಗೆ ಅವ್ವನ ಇದ್ದಲಿ ಶೇಗಡಿ, ಆ ಮೂಲೆಗೆ ಹೆಂಡತಿಯ ಸ್ಟೋವು, ನಡುವೆ ದಿಗಂಬರ. ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟರು. ಅವ್ವ ಹೇಳಬೇಕಾದದ್ದನ್ನು ಗೋಡೆಯ ಮೇಲಿನ ದೇವರ ಪಟಕ್ಕೆ ಹೇಳುತ್ತಿದ್ದಳು, ದ್ವಾರಕೆ ಸ್ಟೋವಿಗೆ ಹೇಳುತ್ತಿದ್ದಳು. ಅವನು ಹಗಲು ಎರಡು ಊಟ, ರಾತ್ರಿ ಎರಡು ಊಟ ಉಣ್ಣುತ್ತಿದ್ದ. ಒಂದು ಕಡೆ ‘ಸಾಕು’ ಎಂದರೆ ಇನ್ನೊಂದು ಕಡೆ ಹೊಟ್ಟೆ ತುಂಬಿಸಿಕೊಂಡು ಬಂದ ಎಂದೇ ಅರ್ಥ. ಆದ್ದರಿಂದ ‘ಊಟ ಆಗೇದ’ ಎಂಬ ಮಾತನ್ನೇ ಅವನು ಮರೆತುಬಿಟ್ಟಿದ್ದ. ಪ್ಯಾಂಟಿನ ಗುಂಡಿ ಎರಡು ಸಲ ಸರಿದಿತ್ತು. ಸಂಸಾರ ಮೈಗೆ ಹತ್ತೇದ ನಿಮಗ, ಎಂದು ಓಣಿಯವರು ಹೊಗಳುತ್ತಿದ್ದರು. ಅವನು ಹುಳಿತೇಗು ನುಂಗಿಕೊಂಡು ನಗುತ್ತಿದ್ದ.

ಇಂಥ ಓವರ್ಸಿಯರನನ್ನೇ ಹುಡುಕಿ ಆಫೀಸಿನ ಸಾಹೇಬರು ಈ ಕೆಲಸಕ್ಕೆ ಹಚ್ಚಿದ್ದರು. ಎಪ್ಪತ್ತೆರಡರ ಬರಗಾಲದಲ್ಲಿ ಮಂದಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ ಸಣ್ಣಪುಟ್ಟ ತಲಾವುಗಳು ತಾಲೂಕಿನ ತುಂಬ ಇದ್ದವು. ಐದಾರು ಮಳೆಗಾಲ ಕಂಡ ಆ ಒಡ್ಡುಗಳನ್ನೆಲ್ಲ ಈಗ ಅ, ಬ, ಕ ಎಂದು ಮೂರು ವರ್ಗ ಮಾಡಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಒಡ್ಡು ಎಷ್ಟು ಗಟ್ಟಿ ಎಂದು ನೋಡಿ ಅಲ್ಲ. ಅದು ಒಡೆದರೆ ಕೆಳಗೆ ಏನು ಹೋಗುತ್ತದೆ ಎಂದು ನೋಡಿ. ಕೆಳಗೆ ಬರೀ ಬೀಳು ಬಿದ್ದ ನೆಲವಿದ್ದರೆ ಕ. ಬೆಳೆದ ಪೀಕು, ದನದ ಕೊಟ್ಟಿಗೆ ಇದ್ದರೆ ಬ. ಮನುಷ್ಯರು ವಾಸವಿರುವ ಮನೆ ಒಂದೇ ಒಂದಿದ್ದರೂ ಅ. ಅ ಎಂದಾದರೆ ಮಳೆಗಾಲದ ಮೊದಲೇ ಒಡ್ಡಿಗೆ ಹೊಸ ಮಣ್ಣು ಬೀಳುತ್ತದೆ, ಮಳೆ ಹಿಡಿದಾಗ ಕಾವಲಿಗೆ ಮನುಷ್ಯ ಬರುತ್ತಾನೆ, ಕೆಳಗೆ ವಾಸವಿರುವವರ ಹೆಸರು ಊರ ಚಾವಡಿಯ ಗೋಡೆಗೆ ಹತ್ತುತ್ತದೆ. ಬ ಎಂದಾದರೆ ಸರದಿ ಬಂದಾಗ ನೋಡೋಣ ಎಂದರ್ಥ, ಸರದಿ ಯಾವಾಗ ಎಂದು ದೇವರನ್ನು ಕೇಳಬೇಕು. “ವಾಸ ಅಂದ್ರ ಏನು ಹಿಡೀಬೇಕ್ರಿ ಸಾಹೇಬ್ರ?” ಎಂದು ದಿಗಂಬರ ಕೇಳಿದ್ದ. “ಒಲಿ ಹೊತ್ತತದೋ ಇಲ್ಲೋ ನೋಡ್ರಿ. ಎಷ್ಟು ಒಲಿ, ಅಷ್ಟು ಮನಿ,” ಎಂದಿದ್ದರು ಸಾಹೇಬರು. ದಿಗಂಬರ ಮನಸ್ಸಿನಲ್ಲೇ ಎಣಿಸಿದ್ದ. ಹಾಗಾದರೆ ತನ್ನವು ಎರಡು ಮನೆ. ತಾನು ಯಾವುದರಲ್ಲಿ ವಾಸ? “ಮತ್ತ ನೋಡ್ರಿ, ನಿಮ್ಮ ರಿಪೋರ್ಟಿನಾಗಿನ ‘ಆದರೂ’ ತಗದ್ರ ಬರೇ ಸಹಿ ಉಳೀತದ. ಈ ಸಲ ಅದೆಲ್ಲ ಬ್ಯಾಡ. ಏಕಚ್ ಅಕ್ಷರ ಲಿಹಾ, ದಿಗಂಬರರಾವ. ಒಂದ ಅಕ್ಷರ ಬರೀರಿ!” ಆಫೀಸೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ, ಉಳಿದವರಿಗಿಂತ ಸ್ವಲ್ಪ ಹೆಚ್ಚೇ.

ಪಕ್ಕದ ಸೀಟಿನಲ್ಲಿ ಕೂತಿದ್ದ ವಾಗದರಿಯ ಸಾಯಬಣ್ಣ ಎಂಬವನು, ಅಳತೆಯ ಟೇಪು, ಕೊಡೆ, ಹೊಟ್ಟೆ ಮೂರನ್ನೂ ನೋಡಿ, ಕೇಳದೆಯೇ ಎಲ್ಲ ಹೇಳಿದ.

“ಕಲ್ಯಾಣಪ್ಪನ ಹೊಲದ ಮ್ಯಾಲಿನ ತಲಾವ ನೋಡಾಕ ಹೊಂಟೀರೇನ್ರಿ? ಅವನ ಅವ್ವ ಅಕ್ಕನಾಗಮ್ಮ ಅದರ ಬುಡಕ ಹೋಗಿ ಕುಂತಾಳ್ರಿ. ಸೊಸಿ ರತ್ನಾಬಾಯಿ ಕುಕ್ಕರ್ ತರಿಸಿದ್ಲು. ಶೀಟಿ ಹೊಡದು ಕರಿಯೂ ಅನ್ನಾನ ಮರ್ಯಾದಿ ಇದ್ದಾವ್ರು ಉಣ್ಣೂದಿಲ್ಲ ಅಂದು, ಮುದುಕಿ ಗಂಟು ಕಟ್ಟಿಕೊಂಡು ಹೊಲದ ಗುಡಿಸಲಿಗೆ ಹೋತು. ವರ್ಷ ಆಗಾಕ ಬಂತ್ರಿ.” ಆಮೇಲೆ ದನಿ ತಗ್ಗಿಸಿದ. “ಆದ್ರ ನೀವು ಕೇಳಿದ್ರ ಒಬ್ರೂ ಬಾಯಿ ಬಿಡೂದಿಲ್ಲ. ಅವನ ಮಗಳಿಗೆ ಸೊಲ್ಲಾಪುರದ ಟಾವೆಲ್ ವ್ಯಾಪಾರಿ ಚನ್ನವೀರಪ್ಪನ ಮನಿತನ ಬಂದೈತಿ. ಹಡದ ತಾಯೀನ ಹೊರಗ ಹಾಕಿದ ಮಂದಿ ಅಂತ ಗೊತ್ತಾದ್ರ, ಬೀಗರು ಚಪ್ಪಲಿ ಮೆಟ್ಟಿ ಎದ್ದ ಹೋಗ್ತಾರ.”

ಇದನ್ನು ಕೇಳುತ್ತ ದಿಗಂಬರ ಎಡಗೈಯಲ್ಲಿ ಹಿತ್ತಾಳೆ, ಬಲಗೈಯಲ್ಲಿ ಸ್ಟೀಲು ಹಿಡಿದು ಮತ್ತೆ ಎರಡನ್ನೂ ಚೀಲದೊಳಗೆ ಇಟ್ಟ. ಹೆಸರು ಚಾವಡಿಗೆ ಹತ್ತಿದರೆ ಕಲ್ಯಾಣಪ್ಪನ ಮಗಳ ಲಗ್ನ ಮುರಿಯುತ್ತದೆ. ಹತ್ತದಿದ್ದರೆ ಮುದುಕಿಯ ತಲೆಯ ಮೇಲಿನ ಒಡ್ಡಿಗೆ ಮಣ್ಣು ಬೀಳುವುದಿಲ್ಲ. ‘ಅ’ ಮತ್ತು ‘ಬ’ದ ನಡುವೆ ಒಂದು ಅಕ್ಷರ ಇದ್ದಿದ್ದರೆ ಎಷ್ಟು ಚಲೋ ಇತ್ತು ಎಂದು ಅವನು ಯೋಚಿಸುತ್ತಿರುವಾಗಲೇ ಕಂಡಕ್ಟರ್ ವಾಗದರಿ ವಾಗದರಿ ಎಂದು ಕೂಗಿದ. ದಿಗಂಬರ ಕೊಡೆ ಹಿಡಿದು, ಟೇಪು ಹಿಡಿದು, ಗಡಿಬಿಡಿಯಲ್ಲಿ ಇಳಿದ. ಬಸ್ಸು ಮುಂದಿನ ಹಳ್ಳಿಗೆ ಹೋಯಿತು. ಬೇವಿನ ಗಿಡದ ಕೆಳಗೆ ಬಿಳಿ ಟೋಪಿಯ ಒಬ್ಬ ದಪ್ಪ ಮನುಷ್ಯ ಕೈಮುಗಿದು ನಿಂತಿದ್ದ. ಅವನಿಗೆ ತಿರುಗಿ ಕೈಮುಗಿಯಲು ಹೋದಾಗ ಕೈಗಳು ತೀರ ಹಗುರ ಅನ್ನಿಸಿದವು. ಡಬ್ಬಿ! ದಿಗಂಬರ ಕೊಡೆ ಬೀಸುತ್ತ, ಹೊಟ್ಟೆ ಕುಣಿಸುತ್ತ ಬಸ್ಸಿನ ಧೂಳಿನ ಬೆನ್ನು ಹತ್ತಿ ಓಡಿದ. ನಾಲ್ಕು ನಾಯಿ ಜೊತೆಗೂಡಿದವು. ಹಾದಿ ತಿರುಗುವಲ್ಲಿ ನಾಯಿಗಳೂ ಬೇಸತ್ತು ನಿಂತವು.

“ಕೆಳಗ ಯಾರೂ ಇರೂದಿಲ್ರಿ,” ಎಂದ ಬಿಳಿ ಟೋಪಿಯವನು, ದಿಗಂಬರ ಏದುಸಿರು ಬಿಡುತ್ತ ತಿರುಗಿ ಬಂದಾಗ. ನಮಸ್ಕಾರ ಎನ್ನುವ ಮೊದಲೇ ಅವನು ಹೇಳಿದ್ದು ಅದು. ಅವನೇ ಕಲ್ಯಾಣಪ್ಪ, ತಲಾವಿನ ಕೆಳಗಿನ ಹೊಲದ ಧಣಿ, ಅಕ್ಕಲಕೋಟೆಯ ಪೇಟೆಯಲ್ಲಿ ಅಡತಿ ಅಂಗಡಿ. “ಡಬ್ಬಿ ಹೋದ್ರ ಹೋಗ್ಲಿ ಬಿಡ್ರಿ ರಾವಸಾಹೇಬ್ರ. ನಿಮ್ಮ ಮಂದಿಯ ಆಚಾರೀನ್ನ ಅಕ್ಕಲಕೋಟಿಯಿಂದ ಕರಿಸೀನಿ, ಮಡೀಲೆ ಅಡಿಗಿ ನಡದೈತಿ, ಹೋಳಿಗಿ ಅದಾವು. ಒಂದೀಟು ಒಡ್ಡ ನೋಡಿದಂಗ ಮಾಡ್ರಿ, ಬ ಬರೀರಿ, ಊಟಕ್ಕ ಏಳ್ರಿ. ಕೆಳಗಂತೂ ಯಾರೂ ಇರೂದಿಲ್ಲ.”

ಒಡ್ಡು ದಿಗಂಬರ ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಎರಡು ದಿಬ್ಬಗಳ ನಡುವೆ ಮಣ್ಣಿನ ಒಂದು ಉದ್ದ ರಾಶಿ, ಮೈಮೇಲೆ ಜಾಲಿಗಿಡ, ಒಳಗಡೆ ಬೇಸಗೆಯ ತಳದ ಹಸಿರು ನೀರು, ನೀರಿನಲ್ಲಿ ಎರಡು ಎಮ್ಮೆಯ ಮೂಗು. ಪಾಪದ ಒಡ್ಡು. ಅದರ ಒಂದು ಕಡೆ ನೀರು ಒತ್ತುತ್ತದೆ, ಇನ್ನೊಂದು ಕಡೆ ಏನೂ ಒತ್ತುವುದಿಲ್ಲ; ತನಗೋ ಎರಡೂ ಕಡೆ. ಒಡ್ಡಿನ ನಸೀಬು ಚಲೋ, ಎಂದುಕೊಂಡ. ಟೇಪು ಹಿಡಿದು ನಡೆಯುತ್ತ ಹೋದವನು ನಡುಭಾಗಕ್ಕೆ ಬಂದಾಗ ಕಾಲು ತಾನಾಗಿ ಕೆಳಗಿಳಿಯಿತು. ಕಲ್ಯಾಣಪ್ಪನ ಗಾಡಿಗಳು ದಿನಾ ಇಲ್ಲಿಂದಲೇ ದಾಟಿ ದಾಟಿ ಒಡ್ಡಿನ ತಲೆ ಅಲ್ಲಿ ಸವೆದು ತಗ್ಗಾಗಿತ್ತು. ತಲಾವು ತುಂಬಿದರೆ ನೀರು ಮೊದಲು ಹಾಯುವುದು ಇಲ್ಲಿಯೇ, ಹಾಯ್ದ ನೀರು ಮಣ್ಣನ್ನು ಕೊರೆಯುವುದೂ ಇಲ್ಲಿಯೇ. ಅಲ್ಲಿಂದ ನೇರ ಕೆಳಗೆ ನೋಡಿದ. ತಗಡಿನ ಪತ್ರಾ ಹೊದಿಸಿದ ಒಂದು ಗುಡಿಸಲು, ಪಕ್ಕದಲ್ಲಿ ಅಂಗೈಯಗಲ ಕೊತ್ತಂಬರಿ, ಪತ್ರಾದ ಸಂದಿಯಿಂದ ಸಣ್ಣಗೆ ಏಳುತ್ತಿದ್ದ ಹೊಗೆ.

“ಅದು ಕೊಟ್ಟಿಗಿ,” ಎಂದ ಕಲ್ಯಾಣಪ್ಪ. ಬಾಗಿಲಿಗೆ ಒಂದು ಎಮ್ಮೆಯನ್ನು ಆವತ್ತೇ ತಂದು ಕಟ್ಟಿದ್ದು ಸ್ಪಷ್ಟವಿತ್ತು. ಅದು ತಲೆಯನ್ನು ಹೊರಗೇ ಇಟ್ಟುಕೊಂಡು, ಒಳಗೆ ಹೋಗಲಾರೆ ಎಂದು ಹಗ್ಗ ಜಗ್ಗುತ್ತಿತ್ತು.

“ಹೊಗಿ ಬರಾಕತ್ತದಲ್ರಿ?”

“ಸೊಳ್ಳಿಗ್ರಿ. ಎಮ್ಮಿಗೆ ಬಾಳ ಸೊಳ್ಳಿ.”

“ಬೆಳ್ಳುಳ್ಳಿ ವಾಸನಿ ಬರ್ತದ.”

ಕಲ್ಯಾಣಪ್ಪ ಟೋಪಿ ತೆಗೆದು ತಲೆ ಕೆರೆದು ಮತ್ತೆ ಟೋಪಿ ಹಾಕಿಕೊಂಡ. “ಎಮ್ಮಿಗೆ ಹೊಟ್ಟಿ ಉಬ್ಬೈತ್ರಿ. ಬೆಳ್ಳುಳ್ಳಿ ಹುರದು ಹಾಕಾಕತ್ತೇವಿ.” ಕೆಳಗೆ ಬರುತ್ತೀರಾ ಎಂದು ಕೇಳಿದರೆ ತನಗೆ ಮೊಣಕಾಲು ನೋವು ಎಂದ, ಹೇಳಿ, ಆ ಮೊಣಕಾಲಿನಿಂದಲೇ ಒಡ್ಡಿನ ಮೇಲೆ ಊರ ಕಡೆಗೆ ಸರಸರ ನಡೆದುಬಿಟ್ಟ.

ಗುಡಿಸಲಿನ ಒಳಗೆ ಒಬ್ಬ ಮುದುಕಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಣೆಯ ತುಂಬ ವಿಭೂತಿ, ಮೊಣಕೈವರೆಗೆ ಜೋಳದ ಹಿಟ್ಟು. ಅವಳು ತಲೆಯೆತ್ತದೆ ಹೇಳಿದಳು: “ಇಲ್ಲಿ ಯಾರೂ ಇರೂದಿಲ್ಲಪಾ.”

ದಿಗಂಬರ ಬಾಗಿಲಲ್ಲೇ ನಿಂತ. ಎಮ್ಮೆ ಅವನ ಕಿವಿಯ ಹತ್ತಿರ ಉಸಿರು ಬಿಟ್ಟಿತು. “ನೀವು ಇದ್ದೀರಲ್ಲರಿ ಅಮ್ಮಾ?”

“ನಾ ಹಾದಿ ಮ್ಯಾಲ ಹೊಂಟಿದ್ನಿ. ಎಮ್ಮಿ ಮಾತಾಡಿಸಿ ಹೋಗೂಣು ಅಂತ ಬಂದೆ.”

“ಆ ಹೊರಸು?”

“ಎಮ್ಮೀದು.”

“ಮ್ಯಾಲಿನ ಕೌದಿ?”

“ಥಂಡಿಗೆ. ಎಮ್ಮಿಗೆ.”

ಗೂಡಿನಲ್ಲಿ ದಾರ ಕಟ್ಟಿದ ಒಂದು ಕನ್ನಡಕ ಇತ್ತು. ಅವನು ಅದರತ್ತ ನೋಡಿದ್ದನ್ನು ಅವಳು ನೋಡಿದಳು. ರೊಟ್ಟಿಯನ್ನು ಹಂಚಿನ ಮೇಲೆ ಜೋರಾಗಿಯೇ ಹಾಕಿದಳು. “ಅದೂ ಎಮ್ಮೀದ ಅನ್ನು! ನಿನಗೇನ ಆಗಬೇಕು? ಮುಖ ನೋಡಿದ್ರ ಹಸದೀ. ಕೂಡು, ಉಣ್ಣು. ಇಲ್ಲಿ ಯಾರೂ ಇರೂದಿಲ್ಲ ಅಂತ ಬರಕೊಂಡ ಹೋಗು.”

ಹಸದೀ ಎಂಬ ಮಾತು ದಿಗಂಬರನ ಕಿವಿಗೆ ಹೊಸದಾಗಿ ಬಿತ್ತು. ಹೌದು, ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ ಆಗುತ್ತಿತ್ತು. ಅದೇ ಹಸಿವು ಎಂದು ಗೊತ್ತಾಗಲು ಅವನಿಗೆ ಕೊಂಚ ಹೊತ್ತು ಹಿಡಿಯಿತು. ದೀಪಾವಳಿಯಿಂದ ಈಚೆಗೆ ಅದು ಬಂದಿರಲಿಲ್ಲ. ಅದರ ಹಿಂದೆಯೇ ಅವ್ವ ಕಣ್ಣ ಮುಂದೆ ಬಂದಳು, ಒದ್ದೆ ಸೀರೆಯಲ್ಲಿ, ಕೈಯಲ್ಲಿ ತಂಬಿಗೆ ಹಿಡಿದು. ಹೊರಗ ನೀರ ಸುದ್ದಾ ಕುಡೀಬ್ಯಾಡ, ಎಂದಳು. ಕೆಲಸದ ಮೇಲೆ ಹೋಗಿ ಬಂದಾಗೆಲ್ಲ ಅವಳದು ಒಂದೇ ಪ್ರಶ್ನೆ: ಊಟ ಎಲ್ಲಾತು? ಹೋಟೆಲಿನಲ್ಲಿ ಒಂದು ವಡೆ ತಿಂದರೂ ಅವನು ಹೇಳುತ್ತಿದ್ದದ್ದು, ಡಬ್ಬಿಯದೇ ಉಂಡೆ ಎಂದು. ಆ ಸುಳ್ಳಿಗೂ ಎರಡು ಪ್ರತಿ ಇರುತ್ತಿದ್ದವು, ಒಂದು ಶೇಗಡಿಗೆ, ಒಂದು ಸ್ಟೋವಿಗೆ. ಈಗ ಅವನು ಹೊರಸಿನ ಅಂಚಿಗೆ ಕೂತು, ಮುದುಕಿ ಚಾಚಿದ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಮನೆಯಲ್ಲಿ ಬೆಳ್ಳುಳ್ಳಿಯ ಹೆಸರನ್ನೂ ಎತ್ತುವಂತಿರಲಿಲ್ಲ. ಮೊದಲ ತುತ್ತಿಗೆ ಪಾಪ ಅನ್ನಿಸಿತು, ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು, ಮೂರನೆಯ ತುತ್ತಿನ ಹೊತ್ತಿಗೆ ಅವ್ವ ತಂಬಿಗೆ ಸಮೇತ ಎಲ್ಲಿಯೋ ಹೋಗಿಬಿಟ್ಟಿದ್ದಳು. ಅಗಿಯುತ್ತ ಅಗಿಯುತ್ತ, ಓವರ್ಸಿಯರನ ಚಾಳಿ, ಕಣ್ಣು ಮೇಲೆ ಹೋಯಿತು. ಪತ್ರಾದ ಕೆಳಗಿನ ಜಂತಿಗಳನ್ನು ಅವನು ಮನಸ್ಸಿನಲ್ಲೇ ಎಣಿಸಿದ.

“ಮನ್ಯಾಗ ಯಾರ ಅಡಿಗಿ ಮಾಡ್ತಾರ ತಮ್ಮಾ? ಅವ್ವೋ, ಹೇಂತಿಯೋ?”

ಯಾರೂ ಈ ಪ್ರಶ್ನೆಯನ್ನು ಹೀಗೆ ನೇರ ಕೇಳಿರಲಿಲ್ಲ. ಅವನು ಹೇಳಿಬಿಟ್ಟ. ಇಂಗು, ಎಣ್ಣೆ, ಶೇಗಡಿ, ಸ್ಟೋವು, ದೇವರ ಪಟ, ಸಮ ಹಂಚುವ ಬದನೆಕಾಯಿ, ಬಸ್ಸಿನಲ್ಲಿ ಹೋದ ಎರಡು ಡಬ್ಬಿ, ಎಲ್ಲ. ಮುದುಕಿ ನಕ್ಕಳು. ನಕ್ಕು ನಕ್ಕು ಸೆರಗು ಜಾರಿತು, ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. “ಅಯ್ಯ ನನ ಮಗನ! ನಮ್ಮ ಕುಕ್ಕರಿಗಿಂತ ನಿಮ್ಮ ಇಂಗ ಜೋರೈತಿ. ಮತ್ತ ನಿನ್ನ ಮನಿ ಯಾವುದೋ, ಆ ಒಲಿಯೋ, ಈ ಒಲಿಯೋ?” ದಿಗಂಬರ ತುತ್ತು ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡ. ಮೂವತ್ತೈದು ದಾಟಿದ ಗಂಡಸು, ಸರಕಾರದ ಟೇಪು ಹಿಡಿದವನು, ತನ್ನ ಮನೆ ಯಾವುದು ಎಂದು ಹೇಳಲಾರದೆ ಎಮ್ಮೆಯ ಮುಖ ನೋಡಿದ. ಅವನಿಗೆ ನಾಚಿಕೆಯಾಯಿತು.

ಕೈ ತೊಳೆಯಲು ಬಾಗಿಲಿಗೆ ಬಂದಾಗ ಮೇಲೆ ಒಡ್ಡು ಕಾಣಿಸಿತು. ಕೆಳಗಿನಿಂದ ಅದು ಸಣ್ಣದಾಗಿ ಕಾಣಲಿಲ್ಲ. ಗಾಡಿಯ ತಗ್ಗಿನಲ್ಲಿ ಆಕಾಶ ಒಂದು ಗೇಣು ಕೆಳಗಿಳಿದು ಬಂದಂತಿತ್ತು, ಸರಿಯಾಗಿ ಗುಡಿಸಲಿನ ಬಾಗಿಲಿಗೆ ಎದುರಾಗಿ. “ಹೋದ ಮಳಿಗಾಲದಾಗ ಇಲ್ಲಿಗೆ ನೀರು ಬಂದಿತ್ತೇನ್ರಿ?” ಎಂದು ಕೇಳಿದ. ಮುದುಕಿ ತಂಬಿಗೆಯಿಂದ ಅವನ ಕೈಗೆ ನೀರು ಹೊಯ್ಯುತ್ತಿದ್ದಳು. “ಬಂದಿತ್ತು ಒಂದ ರಾತ್ರಿ. ಗಾಡಿ ದಾರಿಗುಂಟ ಇಳದ ಬಂತು. ಒಲಿ ಆರಿತ್ತು. ಮುಂಜಾನೆದ್ದು ತಿರುಗಿ ಹೊತ್ತಿಸಿದೆ,” ಎಂದಳು, ಎಮ್ಮೆ ಒದ್ದು ಹಾಲು ಚೆಲ್ಲಿತು ಎನ್ನುವಷ್ಟೇ ಸಲೀಸಾಗಿ. ಹೇಳಿಯಾದ ಮೇಲೆ ತಾನು ಹೇಳಿದ್ದೇನು ಎಂದು ಅವಳಿಗೇ ಹೊಳೆಯಿತು. ಅವನ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದಳು. “ಬರೀಬ್ಯಾಡ ತಮ್ಮಾ. ನೀ ಬರದಿ ಅಂದ್ರ ನನ್ನ ಎತ್ತಿಕೊಂಡ ಹೋಗಿ ಆ ಶೀಟಿ ಹೊಡಿಯೂ ಮನ್ಯಾಗ ಇಡ್ತಾರ. ಇಲ್ಲಿ ನಾ ಅರಸಿ ಇದ್ದಂಗ ಅದೀನಿ. ನನ್ನ ಒಲಿ, ನನ್ನ ರೊಟ್ಟಿ. ಉಂಡೀಯಲ್ಲ, ಉಪ್ಪಿನ ಋಣ ಇರ್ಲಿ.”

“ಬರದ್ರ ಒಡ್ಡಿಗೆ ಮಣ್ಣ ಬೀಳ್ತದರಿ ಅಮ್ಮಾ. ನಿಮ್ಮನ್ನ ಯಾರೂ ಎಬ್ಬಸೂದಿಲ್ಲ.”

“ಸರಕಾರದ ಮಾತ ನಂಬಿ ಯಾರ ಬದುಕ್ಯಾರ? ಬ ಬರಿ, ಮನಿಗೆ ಹೋಗು.”

ಊರ ಕಡೆಗೆ ನಡೆಯುತ್ತ ದಿಗಂಬರ ಬ ಎಂದುಕೊಂಡ. ಕಲ್ಯಾಣಪ್ಪನಿಗೆ ಬ ಬೇಕು. ಮುದುಕಿಗೂ ಬ ಬೇಕು. ಇಷ್ಟು ಮಂದಿ ಒಂದೇ ಮಾತು ಹೇಳುವುದು ಅವನ ಬಾಳಿನಲ್ಲಿ ಮೊದಲ ಸಲ. ಎರಡೂ ಕಡೆಯವರೂ ಖುಷಿಯಾಗಿ ಇರುವಂಥ ಒಂದು ಅಕ್ಷರ ದೇವರೇ ಕಳಿಸಿದಂತಿತ್ತು. ಇಷ್ಟಾದರೂ ಕಾಲು ಹಗುರಾಗಲಿಲ್ಲ. ಅಂಗೈಯಲ್ಲಿ ಬೆಳ್ಳುಳ್ಳಿ ಇತ್ತು, ತಲೆಯಲ್ಲಿ ಆರಿದ ಒಲೆ ಇತ್ತು. ಒಂದು ರಾತ್ರಿ ನೀರು ಒಲೆಯಷ್ಟಕ್ಕೆ ನಿಂತಿತ್ತು. ಮತ್ತೊಂದು ರಾತ್ರಿ ಹೊರಸಿನಷ್ಟಕ್ಕೆ ಬಂದರೆ, ಆ ಹೊರಸು ಎಮ್ಮೆಯದು ಎಂದು ಯಾರು ಹೋಗಿ ನೀರಿಗೆ ಹೇಳಬೇಕು?

ಕಲ್ಯಾಣಪ್ಪನ ಪಡಸಾಲೆಯಲ್ಲಿ ಮಣೆ ಹಾಕಿ, ಬಾಳೆ ಎಲೆ ಹಾಸಿ, ರಂಗೋಲಿ ಎಳೆದಿದ್ದರು. ಊರ ಹಿರಿಯರು ನಾಲ್ಕು ಮಂದಿ ಗೋಡೆಗೆ ಆತು ಕೂತಿದ್ದರು, ಬ ಬರೆಯುವುದನ್ನು ಕಣ್ಣಾರೆ ನೋಡಲು ಬಂದವರಂತೆ. ಒಳಗೆ ಏನೋ ಕೂಗಿತು, ರೈಲು ಬಂದಂತೆ. ದಿಗಂಬರ ಬೆಚ್ಚಿಬಿದ್ದು ಕೊಡೆ ಕೈಬಿಟ್ಟ. “ಕುಕ್ಕರ್ರಿ,” ಎಂದಳು ರತ್ನಾಬಾಯಿ ಬಾಗಿಲ ಸಂದಿಯಿಂದ, ಹೆಮ್ಮೆಯಿಂದ. ಮುದುಕಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೆ ಮರ್ಯಾದೆ ಸ್ವಲ್ಪ ಕಡಿಮೆಯೇ.

“ಏಳ್ರಿ ರಾವಸಾಹೇಬ್ರ, ಎಲಿ ಹಾಕೇತಿ.”

“ಊಟ ಆಗೇದ್ರಿ,” ಎಂದ ದಿಗಂಬರ.

ಎಂದುಬಿಟ್ಟ. ಆ ಮಾತು ಬಾಯಿಂದ ಹೊರಬಿದ್ದದ್ದನ್ನು ಅವನೇ ಬೆರಗಾಗಿ ಕೇಳಿದ. ಹೊಟ್ಟೆ ತುಂಬಿತ್ತು ಅಷ್ಟೆ, ನಿಜ. ಮತ್ತೊಂದು ಹೋಳಿಗೆಗೆ ಅಲ್ಲಿ ಜಾಗ ಇರಲಿಲ್ಲ.

ಕಲ್ಯಾಣಪ್ಪನ ಮುಖದ ಮೇಲಿನ ನಗೆ ಹಾಗೆಯೇ ಉಳಿಯಿತು, ಕಣ್ಣು ಮಾತ್ರ ಸಣ್ಣವಾದವು. “ಎಲ್ಲಿ ಆತ್ರಿ?”

ಡಬ್ಬಿ ತಂದಿದ್ದೆ ಎನ್ನುವಂತಿರಲಿಲ್ಲ. ಡಬ್ಬಿಯ ಬೆನ್ನು ಹತ್ತಿ ನಾಯಿಗಳ ಸಂಗಡ ಓಡಿದ್ದನ್ನು ಕಲ್ಯಾಣಪ್ಪನೇ ನೋಡಿದ್ದ. ಹಸಿವಿಲ್ಲ ಎನ್ನಬಹುದಿತ್ತು. ಇವತ್ತು ಏಕಾದಶಿ ಎನ್ನಬಹುದಿತ್ತು. ಎಲೆಯ ಮುಂದೆ ಕೂತು ಎರಡು ಹೋಳಿಗೆ ಬಾಯಿಗೆ ತುರುಕಿಕೊಂಡರೂ ಆಗುತ್ತಿತ್ತು. ಎರಡನೇ ಊಟ ಉಣ್ಣುವುದರಲ್ಲಿ ಅವನಷ್ಟು ಪಳಗಿದವನು ಸೊಲ್ಲಾಪುರದಲ್ಲಿ ಇರಲಿಲ್ಲ. ಯಾವ ಕೈ, ಎಂದರು ನೆನಪಿನೊಳಗಿನ ಮಾಸ್ತರರು. ದಿಗಂಬರ ತನ್ನ ಬಲಗೈಯನ್ನು ನೋಡಿದ.

“ಒಡ್ಡಿನ ಕೆಳಗ ಆತ್ರಿ,” ಎಂದ. “ನಿಮ್ಮ ತಾಯಿಯವರ ಮನ್ಯಾಗ.”

ಹೇಳಿ, ಪೆನ್ನು ತೆಗೆದು ಅ ಎಂದು ಬರೆದ. ಮುಂದೆ ‘ಆದರೂ’ ಬರೆಯಲಿಲ್ಲ. ಸಹಿ ಮಾಡಿದ. ಎಲ್ಲರೂ ಒಮ್ಮೆಗೇ ಮಾತಾಡಿದರು. ಅನ್ನ ಹಾಕಿಸಾಕ ಆಚಾರೀನ್ನ ಕರಿಸಿದ್ನೆಲ್ಲೋ, ನನ್ನ ಮಗಳ ಲಗ್ನಕ್ಕ ಕಲ್ಲ ಹಾಕಿದಿ, ಎಂದು ಕಲ್ಯಾಣಪ್ಪ ಕೂಗಿದ. ಸಾಲದ್ದಕ್ಕೆ ಅಂಗಳದಲ್ಲಿ ಕೋಲಿನ ಸಪ್ಪಳ ಕೇಳಿಸಿತು. ಅಕ್ಕನಾಗಮ್ಮ! ದಿಗಂಬರನ ಮುಖ ನೋಡಿಯೇ ಸಂಶಯ ಬಂದು ಹಿಂದೆಯೇ ಬಂದಿದ್ದಳು. ಹೊಸ್ತಿಲು ದಾಟಲಿಲ್ಲ; ಹೊಸ್ತಿಲ ಆಚೆಯಿಂದಲೇ ಕೋಲು ಎತ್ತಿದಳು.

“ಉಂಡ ಮನಿ ಜಂತಿ ಎಣಸಿದೇನೋ, ಮೂಳಾ!”

ಜಂತಿ ಎಣಿಸಿದ್ದು ಇವಳಿಗೆ ಹೇಗೆ ಗೊತ್ತಾಯಿತು ಎಂದು ದಿಗಂಬರ ಗಾಬರಿಯಾದ. ಹಿರಿಯರಲ್ಲಿ ಒಬ್ಬ, “ಮನಿ ಅಂದ್ಲಲ್ಲೋ ಮುದುಕಿ,” ಎಂದು ಪಿಸುಗುಟ್ಟಿದ. ಮುದುಕಿ ನಾಲಿಗೆ ಕಚ್ಚಿಕೊಂಡಳು, ಆದರೆ ಕೋಲು ಇಳಿಸಲಿಲ್ಲ. ಮಗ ಒಳಗಿನಿಂದ ಬೈದ, ತಾಯಿ ಹೊರಗಿನಿಂದ ಬೈದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಬೈಗುಳವೂ ನಡುವೆ ನಿಂತ ದಿಗಂಬರನ ಮೇಲೆ ಬಂದು ಬಿತ್ತು. ಆ ಜಾಗ ಅವನಿಗೆ ಚೆನ್ನಾಗಿ ಪರಿಚಯವಿತ್ತು. ಆದರೆ ಇವತ್ತು ಕಾಲು ಜಾರಲಿಲ್ಲ. ಎಂಟು ದಿನದಾಗ ಮಣ್ಣ ಬರ್ತದ, ಗಾಡಿ ಬ್ಯಾರೆ ಹಾದೀಲೆ ಹೊಡೀರಿ, ಅಮ್ಮನ ಹೊರಸಿಗೆ ಯಾರೂ ಕೈ ಹಚ್ಚಬ್ಯಾಡ್ರಿ, ಎಂದು ಅವನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವನಿಗಂತೂ ಕೇಳಿಸಿತು. ಕೊಡೆ ಎತ್ತಿಕೊಂಡು ಹೊರಬಿದ್ದ. ಹೋಳಿಗೆಯ ಎಲೆ ಹಾಗೆಯೇ ಇತ್ತು. ದಾಟುವಾಗ ತುಪ್ಪದ ವಾಸನೆ ಬಂದು ಒಂದು ಚಣ ದುಃಖವಾಯಿತು.

ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ತೊಡೆಯ ಮೇಲೆ ತಂದಿಟ್ಟ. “ನಿಮ್ಮ ಡಬ್ಬಿ ಊರ ನೋಡಿ ಬಂದಾವ್ರಿ,” ಎಂದ. ಎರಡೂ ತುಂಬಿದ್ದವು, ಎರಡೂ ಬಿಚ್ಚಿರಲಿಲ್ಲ. ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಗಾಡಿಗೆ ಕಾಯುತ್ತ ಕೂತಾಗ ಒಂದು ನಾಯಿ ಬಂದು ಮುಂದೆ ಕೂತಿತು. ಬಹಳ ತಿಳಿವಳಿಕೆಯ ನಾಯಿ. ಭಕ್ಕರಿ ಅದಕ್ಕೆ ಹಾಕಿ, ಡಬ್ಬಿ ನಳದ ನೀರಿನಲ್ಲಿ ಗಲಬರಿಸಿ, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡರೆ ಮುಗಿಯಿತು. ಅವ್ವನಿಗೂ ಖುಷಿ, ದ್ವಾರಕೆಗೂ ಖುಷಿ, ನಾಯಿಗೂ ಖುಷಿ. ದಿಗಂಬರ ಹಿತ್ತಾಳೆಯ ಮುಚ್ಚಳ ತೆಗೆದ. ಸ್ಟೀಲಿನ ಮುಚ್ಚಳ ತೆಗೆದ. ನಾಯಿ ಬಾಲ ಆಡಿಸಿತು. ಎರಡೂ ಪಲ್ಯ ನೋಡಲು ಒಂದೇ ಥರ ಇದ್ದವು, ಮೂಸಿ ನೋಡಿದರೆ ಇಂಗು ಸಹ ಎಲ್ಲಿ ಬಿದ್ದಿದೆ ಎಂದು ಹೇಳುವಂತಿರಲಿಲ್ಲ. ಇಷ್ಟಕ್ಕಾಗಿಯೇ? ಅವನು ಎರಡನ್ನೂ ಮುಚ್ಚಿದ. ನಾಯಿ ಅವನನ್ನು ಕೀಳಾಗಿ ನೋಡಿ ಎದ್ದು ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಅಡುಗೆಮನೆಯಲ್ಲಿ ಎರಡು ತಾಟು ಹಾಕಿತ್ತು, ಆ ಮೂಲೆಗೊಂದು, ಈ ಮೂಲೆಗೊಂದು. ಅವನು ಎರಡು ತುಂಬಿದ ಡಬ್ಬಿಗಳನ್ನು ನಡುವೆ ನೆಲದ ಮೇಲೆ ಇಟ್ಟ. ಗೋದೂಬಾಯಿ ಹಿತ್ತಾಳೆಯದನ್ನು ಎತ್ತಿ ನೋಡಿದಳು, ಭಾರ. ದ್ವಾರಕೆ ಸ್ಟೀಲಿನದನ್ನು ಎತ್ತಿ ನೋಡಿದಳು, ಅದೂ ಭಾರ.

“ಊಟ ಎಲ್ಲಾತು?” ಎಂದಳು ಅವ್ವ, ದೇವರ ಪಟಕ್ಕೆ.

“ಅಕ್ಕನಾಗಮ್ಮ ಅಂತ ಒಬ್ಬಾಕಿ ಲಿಂಗಾಯತರ ಮುದುಕಿ,” ಎಂದ ದಿಗಂಬರ. “ಆಕಿ ಮನ್ಯಾಗ. ಒಡ್ಡಿನ ಬುಡಕ. ರೊಟ್ಟಿ, ಶೇಂಗಾ ಹಿಂಡಿ. ಹೊಟ್ಟಿ ತುಂಬ ಉಂಡೆ.”

ಅವ್ವ ಹತ್ತಿರ ಬಂದು ಅವನ ಕೈ ಹಿಡಿದು ಮೂಸಿದಳು. ಅವಳ ಮುಖದ ಬಣ್ಣ ಹೋಯಿತು. ಮಾತು ಹೊರಡಲು ಪಟ ಸಾಲಲಿಲ್ಲ. ಅವಳ ಕಣ್ಣು ಗೋಡೆಯಿಂದ ಇಳಿದು ಅಡುಗೆಮನೆಯ ತುಂಬ ಹುಡುಕಾಡಿ, ಸ್ಟೋವಿನ ಮುಂದೆ ನಿಂತವಳ ಮೇಲೆ ಬಂದು ನಿಂತಿತು.

“ದ್ವಾರಕಾ! ಕೇಳಿದ್ಯೇನ? ಬೆಳ್ಳುಳ್ಳಿ!”

“ಕೇಳಿದೆರಿ ಅತ್ತಿ,” ಎಂದಳು ದ್ವಾರಕೆ. “ಯಾರಾಕಿ ಮುದುಕಿ? ನಮ್ಮ ಎರಡು ಡಬ್ಬಿ ಬಿಟ್ಟು, ಯಾವಾಕಿದೋ ಕೈಯಾಗಿಂದು ಉಂಡ ಬಂದಾರ!”

“ಮೊದಲ ಅವನ್ನ ಹಿತ್ತಲಿಗೆ ದೂಡು. ಜಳಕ ಆಗೂತನಾ ಒಳಗ ಕಾಲಿಡಬಾರದು. ನೀರ ಕಾಸು.”

“ಶೇಗಡಿ ಮ್ಯಾಲ ಇಡ್ಲೇನ್ರಿ?”

“ಇದ್ದಲಿ ಯಾವಾಗ ಹೊತ್ತಬೇಕು, ಅವ ಯಾವಾಗ ಶುದ್ಧ ಆಗಬೇಕು? ನಿನ್ನ ಸ್ಟೋವ ಹಚ್ಚು, ಲಗೂ ಕಾಯ್ತದ.”

ಹಿತ್ತಲ ಕಟ್ಟೆಯ ಮೇಲೆ ದಿಗಂಬರ ಕೂತ. ಒಳಗೆ ಸ್ಟೋವು ಭುಸುಗುಟ್ಟುವುದು ಕೇಳಿಸುತ್ತಿತ್ತು, ಅದರ ಮೇಲೆ ಎರಡು ದನಿ, ಒಂದು ಬಿಟ್ಟಲ್ಲಿಂದ ಇನ್ನೊಂದು ಹಿಡಿದು, ಅವನನ್ನು ಬೈಯುತ್ತಿದ್ದವು. ಸಣ್ಣವನಿದ್ದಾಗಿನಿಂದ ಹೀಗೇ, ಎಂದಿತು ಒಂದು, ನನಗೂ ಲಗ್ನಾದ ವರ್ಷಾನೇ ಗೊತ್ತಾತು, ಎಂದಿತು ಇನ್ನೊಂದು. ಶೇಗಡಿಯಲ್ಲಿ ಬೂದಿ ತಣ್ಣಗಿತ್ತು. ದೀಪಾವಳಿಯಾದ ಮೇಲೆ ಆ ಮನೆಯಲ್ಲಿ ರಾತ್ರಿಗೆ ಒಂದೇ ಒಲೆ ಹೊತ್ತಿದ್ದು ಇವತ್ತೇ ಮೊದಲು. ಅವನು ಬೆರಳು ಮೂಸಿ ನೋಡಿಕೊಂಡ, ಬೆಳ್ಳುಳ್ಳಿ ಇನ್ನೂ ಹೋಗಿರಲಿಲ್ಲ. ನೀರು ಕಾಯುವುದು ತಡವಾಯಿತು. ಕತ್ತಲಾಯಿತು. ಮಧ್ಯಾಹ್ನದ ಎರಡು ರೊಟ್ಟಿ ಎಲ್ಲಿಗೆ ಹೋಗಿದ್ದವೋ, ಹೊಟ್ಟೆ ಮತ್ತೆ ಖಾಲಿ ಖಾಲಿ ಆಗತೊಡಗಿತು.

“ಊಟ?” ಎಂದು ಅವನು ಹೆದರುತ್ತ ಹೆದರುತ್ತ ಬಾಗಿಲ ಕಡೆ ಮುಖ ಮಾಡಿ ಕೇಳಿದ.

ಒಳಗಿನಿಂದ ಒಂದು ದನಿ “ಉಂಡ ಬಂದೀಯಲ್ಲ!” ಎಂದಿತು, ಇನ್ನೊಂದು “ಉಂಡ ಬಂದೀರಲ್ಲ!” ಎಂದಿತು. ಆಮೇಲೆ ಇಬ್ಬರೂ ಯಾಕೋ ನಕ್ಕರು. ದಿಗಂಬರ ಹಸಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಿಸಿನೀರು ಬರಲಿ ಎಂದು ಕಾಯುತ್ತ ಕೂತ.